ಲಡಾಖ್‌ಗೆ ಹೋಗಿ ಬಂದರೆ ಮಕ್ಕಳಾಗೋದು ಕಷ್ಟನಾ?

ವೀರ್ಯ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಅಂದ ಕೂಡಲೇ ಜನ ಮೊದಲು ನಗುತ್ತಾರೆ. ಆಮೇಲೆ ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳುತ್ತಾರೆ. ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು: ಎತ್ತರದ ಜಾಗದಲ್ಲಿ ಆಕ್ಸಿಜನ್ ಕಮ್ಮಿ, ಅಲ್ಲಿದ್ದು ಬಂದರೆ ಗಂಡಸಿಗೆ ತೊಂದರೆ ಅಂತಾರಲ್ಲ, ನಿಜನಾ? ಕೇಳುವವರು ಬೈಕ್‌ನಲ್ಲಿ ಲಡಾಖ್ ಸುತ್ತುವ ಹುಡುಗರು, ಇಲ್ಲವೇ ರಜೆಗೆ ಬಂದ ಬೆಳಗಾವಿ, ಕೊಡಗಿನ ಕಡೆಯ ಯೋಧರು.

ಪರಿಣಾಮ ಆಗುತ್ತದೆ, ಆದರೆ ಹೆಚ್ಚಿನ ಪಾಲು ತಾತ್ಕಾಲಿಕ. ಒಂದು ವಾರದ ಟ್ರಿಪ್‌ಗೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ವೃಷಣದಲ್ಲಿ ವೀರ್ಯಾಣು ತಯಾರಾಗುವ ಸಣ್ಣ ಕೊಳವೆಗಳಿವೆ. ಅವುಗಳ ಒಳಗೆ ರಕ್ತನಾಳವೇ ಇಲ್ಲ. ಹೊರಗಿನ ನಾಳಗಳಿಂದ ಆಕ್ಸಿಜನ್ ಜಿನುಗಿ ಒಳಗೆ ಹೋಗಬೇಕು. ಅಂದರೆ ಈ ಜಾಗ ಮಂಗಳೂರಿನಲ್ಲಿದ್ದರೂ ಕಡಿಮೆ ಆಕ್ಸಿಜನ್‌ನಲ್ಲೇ ಸಂಸಾರ ತೂಗಿಸುತ್ತಿರುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕರಾವಳಿಯ ಮೂರನೇ ಎರಡು ಭಾಗದಷ್ಟೇ. ಇರುವುದೂ ಕಡಿಮೆಯಾದಾಗ ಒಂದಷ್ಟು ಎಳೆಯ ಕೋಶಗಳು ಸಾಯುತ್ತವೆ, ಉಳಿದವುಗಳ ಪೊರೆಗೂ ಡಿಎನ್‌ಎಗೂ ಪೆಟ್ಟು ಬೀಳಬಹುದು. ಹಿಮಾಲಯ, ಕಾರಾಕೋರಂ ಹತ್ತಿ ಬಂದವರಲ್ಲಿ ವೀರ್ಯಾಣುಗಳ ಸಂಖ್ಯೆ ಕುಸಿದದ್ದು, ಕೆಳಗಿಳಿದ ಕೆಲವು ತಿಂಗಳಲ್ಲಿ ಚೇತರಿಸಿಕೊಂಡದ್ದು ಎರಡೂ ದಾಖಲಾಗಿವೆ.

ಎಡವಟ್ಟಾಗುವುದು ಪರೀಕ್ಷೆಯ ಸಮಯದಲ್ಲಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಬರಲು ಇನ್ನೂ ಒಂದೆರಡು ವಾರ. ಯೋಧ ಸಿಯಾಚಿನ್‌ನಿಂದ ಇಳಿದು ಮುಂದಿನ ವಾರವೇ ಸ್ಯಾಂಪಲ್ ಕೊಟ್ಟರೆ ನಾನು ನೋಡುತ್ತಿರುವುದು ಮೇಲಿದ್ದಾಗ ಶುರುವಾದ ಸರಕು. ಸ್ಯಾಂಪಲ್ ಅರ್ಧ ಗಂಟೆಯಲ್ಲಿ ತೆಳ್ಳಗಾದ ಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡುತ್ತೇವೆ. ಕೆಲವು ನೆಟ್ಟಗೆ ಓಡುತ್ತವೆ. ಕೆಲವು ನಿಂತಲ್ಲೇ ಸುತ್ತುತ್ತವೆ, ಕೆಲವಂತೂ ಬಾಲ ಅಲ್ಲಾಡಿಸಿ ಸುಮ್ಮನಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆ ಬಂತು ಅಂತ ಮನೆಯಲ್ಲಿ ಅಳು ಶುರು. ಮೂರು ತಿಂಗಳು ಕಾಯಿರಿ, ಮತ್ತೆ ಕೊಡಿ. ಅಂದಹಾಗೆ, ವರ್ಷದಲ್ಲಿ ಗಂಡ ಹೆಂಡತಿ ಒಟ್ಟಿಗಿದ್ದದ್ದೇ ರಜೆಯ ದಿನಗಳಲ್ಲಿ ಅಂದಮೇಲೆ ಬಸಿರಾಗದ್ದಕ್ಕೆ ಆಕ್ಸಿಜನ್ನನ್ನೇ ಯಾಕೆ ಬೈಯಬೇಕು?

ಲಡಾಖಿನವರು, ಟಿಬೆಟಿನವರು ತಲೆತಲಾಂತರದಿಂದ ಅಲ್ಲೇ ಮಕ್ಕಳು ಮರಿ ಮಾಡಿಕೊಂಡು ಇದ್ದಾರೆ ಅಲ್ವಾ. ಟಿಬೆಟಿನ ಜನರಲ್ಲಿ ಕಡಿಮೆ ಆಕ್ಸಿಜನ್‌ಗೆ ಹೊಂದಿಕೊಳ್ಳುವ ಜೀನ್ ಮಾರ್ಪಾಟೇ ಇದೆ.

ನನಗೆ ಹೆಚ್ಚು ಚಿಂತೆ ಬೆಟ್ಟದ ಆಕ್ಸಿಜನ್‌ದಲ್ಲ, ಹಾಸಿಗೆಯದ್ದು. ಹೊಟ್ಟೆ ಬಂದ, ಕುತ್ತಿಗೆ ದಪ್ಪಗಾದ ಗಂಡಸು ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿ ಒದ್ದಾಡುತ್ತಾನಲ್ಲ, ಅದು ಸ್ಲೀಪ್ ಆಪ್ನಿಯಾ. ರಾತ್ರಿಯಿಡೀ ರಕ್ತದ ಆಕ್ಸಿಜನ್ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಗಂಡಸಿನ ಹಾರ್ಮೋನ್ ಟೆಸ್ಟೋಸ್ಟಿರಾನ್ ಏರುವುದೇ ನಿದ್ದೆಯಲ್ಲಿ. ಅದಕ್ಕೇ ಆ ರಕ್ತಪರೀಕ್ಷೆಗೆ ಬೆಳಗ್ಗೆಯೇ ಬನ್ನಿ ಅನ್ನುವುದು. ನಿದ್ದೆ ಕೆಟ್ಟರೆ ಅದೂ ಕುಗ್ಗುತ್ತದೆ, ಬೊಜ್ಜು ಸೇರಿದರೆ ಇನ್ನೂ ಜಾಸ್ತಿ. ಮೂಗಿಗೆ ಹಾಕುವ ಸಿಪ್ಯಾಪ್ ಯಂತ್ರ ಉಸಿರನ್ನು ಸರಿಮಾಡುತ್ತದೆ, ಆದರೆ ಅದೊಂದರಿಂದಲೇ ಟೆಸ್ಟೋಸ್ಟಿರಾನ್ ಏರುತ್ತದೆ ಅನ್ನುವ ಹಾಗಿಲ್ಲ. ತೂಕ ಇಳಿಸಿದರೆ ಏರುತ್ತದೆ. ಗೊರಕೆ ಇದೆಯಾ ಅಂತ ಗಂಡನನ್ನು ಕೇಳಿದರೆ ಇಲ್ಲ ಅಂತಲೇ ಹೇಳುತ್ತಾನೆ. ಹೆಂಡತಿಯನ್ನು ಕೇಳಬೇಕು.

ಇನ್ನೊಂದು ವೆರಿಕೋಸೀಲ್. ವೃಷಣದ ಸುತ್ತಲಿನ ರಕ್ತನಾಳ ಊದಿಕೊಂಡು, ಬಳಸಿದ ರಕ್ತ ಅಲ್ಲೇ ನಿಲ್ಲುತ್ತದೆ, ಬಿಸಿಯೂ ಹೆಚ್ಚುತ್ತದೆ. ಹೆಚ್ಚಾಗಿ ಎಡಗಡೆ. ಡಾಕ್ಟರು ನಿಲ್ಲಿಸಿ ಕೈಯಿಂದ ಪರೀಕ್ಷಿಸಿದರೇ ಬಹಳ ಸಲ ಗೊತ್ತಾಗುತ್ತದೆ. ಸಂಕೋಚಪಟ್ಟು ಇದನ್ನು ತಪ್ಪಿಸಿಕೊಳ್ಳುವವರೇ ಜಾಸ್ತಿ. ಸಿಗರೇಟಿನದ್ದು ಹೇಳಬೇಕಿಲ್ಲ, ಅದರ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಕೂರುವ ಜಾಗವನ್ನೇ ಹಿಡಿದುಕೊಳ್ಳುತ್ತದೆ.

ಕೊನೆಗೆ ಎಲ್ಲರೂ ಕೇಳುವುದು, ಕೋಶಗಳಿಗೆ ಪೆಟ್ಟು ಬೀಳದಂತೆ ತಡೆಯುತ್ತವೆ ಅನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ ತಗೋಬಹುದಾ ಅಂತ. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಮಾತ್ರೆ ನುಂಗಿದವರಿಗೂ ಸುಳ್ಳು ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನಾದರೆ ಆ ದುಡ್ಡಿನಲ್ಲಿ ನಿದ್ದೆಯ ಪರೀಕ್ಷೆ ಮಾಡಿಸುತ್ತೇನೆ.