ಟೆಂಡರ್ ಆನ್‌ಲೈನ್ ಆಯ್ತು, ಬಿಲ್ ಯಾವಾಗ?

ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಕಬ್ಬಿಣದ ಪೈಪ್ ಕತ್ತರಿಸಿ, ವೆಲ್ಡ್ ಮಾಡಿ, ಪೌಡರ್ ಕೋಟಿಂಗ್ ಹೊಡೆದು ಶಾಲೆ ಡೆಸ್ಕ್, ಲೈಬ್ರರಿ ರ್‍ಯಾಕ್, ಆಸ್ಪತ್ರೆ ಮಂಚ ಮಾಡುತ್ತೇವೆ. ಖಾಸಗಿಯವರೂ ಕೊಳ್ಳುತ್ತಾರೆ, ಆದರೆ ದೊಡ್ಡ ಗಿರಾಕಿ ಅಂದರೆ ಸರ್ಕಾರವೇ. ಕೆಲಸದವರನ್ನು ಅಣ್ಣ ನೋಡಿಕೊಳ್ಳುತ್ತಾನೆ, ಟೆಂಡರ್ ಹಾಕುವುದು ನಾನು. ಅದಕ್ಕೇ ಯಾರಾದರೂ "ಈಗೆಲ್ಲ ಆನ್‌ಲೈನ್ ಅಲ್ವಾ, ಮೊದಲಿನ ಹಾಗೆ ಏನೂ ನಡೆಯೋದಿಲ್ಲ" ಅಂದರೆ ಅರ್ಧ ಒಪ್ಪುತ್ತೇನೆ, ಅರ್ಧ ಸಿಟ್ಟು ಬರುತ್ತದೆ.

ಒಪ್ಪುವ ಮಾತು ಮೊದಲು. ಅಪ್ಪನ ಕಾಲದಲ್ಲಿ ಟೆಂಡರ್ ಫಾರಂ ಕೈಗೆ ಸಿಗುವುದೇ ಕಷ್ಟವಿತ್ತು. "ಖಾಲಿ ಆಗಿದೆ, ನಾಳೆ ಬನ್ನಿ" ಅನ್ನುತ್ತಿದ್ದರು. ಫಾರಂ ಸಿಕ್ಕರೂ, ಡಬ್ಬಿ ಇಟ್ಟ ಕೋಣೆಯ ಬಾಗಿಲಲ್ಲಿ ನಾಲ್ಕು ಜನ ಕೈಕಟ್ಟಿ ನಿಂತಿರುತ್ತಿದ್ದರು. ಲಕೋಟೆ ಹಾಕಲು ಬಿಡುತ್ತಿರಲಿಲ್ಲ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಗೆ ಒಂದು ಕಾಯ್ದೆ ಮಾಡಿತು. ಅದರ ಬೆನ್ನಿಗೇ ನಮ್ಮ ಕರ್ನಾಟಕದ ಸರ್ಕಾರಿ ಖರೀದಿ ಪಾರದರ್ಶಕತೆಯ ಕೆಟಿಪಿಪಿ ಕಾಯ್ದೆ, 1999 ಬಂತು. 2000ದ ಅಕ್ಟೋಬರಿನಲ್ಲಿ ಜಾರಿಯಾಯಿತು. ಆಮೇಲೆ ಇ-ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್ ಬಂತು, ಡಬ್ಬಿ ಹೋಯಿತು, ಬಾಗಿಲಲ್ಲಿ ನಿಲ್ಲುವವರೂ ಹೋದರು. ಆ ಕಾರಿಡಾರಿಗೆ ಅಪ್ಪ ನನ್ನನ್ನು ಯಾವತ್ತೂ ಕಳಿಸುತ್ತಿರಲಿಲ್ಲ. ಇವತ್ತು ನಾನು ಮನೆಯಲ್ಲೇ ಕೂತು ಡಿಜಿಟಲ್ ಸಹಿ ಒತ್ತಿ ಬಿಡ್ ಹಾಕುತ್ತೇನೆ ಅಂದರೆ ಅದು ಈ ಸುಧಾರಣೆಯಿಂದಲೇ ಆಗಿದ್ದು. ಅದನ್ನು ಸಣ್ಣದು ಅಂತ ನಾನು ಎಂದೂ ಹೇಳುವುದಿಲ್ಲ.

ಆದರೆ ಸರಿಯಾಗಿದ್ದು ನಡುವಿನ ಭಾಗ ಮಾತ್ರ. ಬಿಡ್ ಹಾಕುವುದು, ತೆರೆಯುವುದು, ದರ ಹೋಲಿಸುವುದು ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಮೊದಲು ಸ್ಪೆಸಿಫಿಕೇಶನ್, ಅಂದರೆ ಸಾಮಾನು ಹೇಗಿರಬೇಕು ಅನ್ನುವ ವಿವರ ಬರೆಯುವಾಗ ಏನಾಗುತ್ತದೆ, ಕೊನೆಗೆ ಬಿಲ್ ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದು ಯಾರಿಗೂ ಕಾಣುವುದಿಲ್ಲ.

ಸ್ಪೆಸಿಫಿಕೇಶನ್ ವಿಷಯ ನೋಡಿ. ಇಬ್ಬರು ಮಕ್ಕಳು ಕೂರುವ ಡೆಸ್ಕಿಗೆ ನಾವು ಸಾಮಾನ್ಯವಾಗಿ 25 ಮಿ.ಮೀ. ಚೌಕ ಪೈಪ್, 1.2 ಮಿ.ಮೀ. ದಪ್ಪದ್ದು ಹಾಕುತ್ತೇವೆ. ಮೇಲೆ 18 ಮಿ.ಮೀ. ಪ್ಲೈವುಡ್. ನನ್ನ ಕೈಗೆ ಬಂದ ಒಂದು ಟೆಂಡರಿನಲ್ಲಿ ಚೌಕ ಪೈಪ್ ಬದಲು ಮೊಟ್ಟೆಯಾಕಾರದ ಪೈಪ್ ಕೇಳಿದ್ದರು. ಅಳತೆ ಹೇಗಿತ್ತೆಂದರೆ, ಅದನ್ನು ಬಾಗಿಸುವ ಡೈ ನಮ್ಮ ಕಡೆ ಒಬ್ಬರ ಹತ್ತಿರ ಬಿಟ್ಟರೆ ಇನ್ಯಾರ ಹತ್ತಿರವೂ ಇಲ್ಲ. ಜೊತೆಗೆ ಟೆಂಡರ್ ಪ್ರಕಟಣೆಗಿಂತ ಮೊದಲಿನ ತಾರೀಕಿನ ಲ್ಯಾಬ್ ರಿಪೋರ್ಟ್ ಬೇಕು. ಜೊತೆಗೆ ಹಿಂದೆ ಒಂದೇ ಆರ್ಡರಿನಲ್ಲಿ ಇಷ್ಟು ಡೆಸ್ಕ್ ಕೊಟ್ಟಿರಬೇಕು. ಒಂದೊಂದನ್ನೇ ಓದಿದರೆ ತಪ್ಪು ಕಾಣುವುದಿಲ್ಲ. ಮೂರನ್ನೂ ಸೇರಿಸಿದರೆ ಒಬ್ಬರೇ ಉಳಿಯುತ್ತಾರೆ. ಚೌಕ ಪೈಪ್ ಯಾಕೆ ಬೇಡ ಅಂತ, ಬಿಡ್ ಹಾಕುವ ಮೊದಲು ಪ್ರಶ್ನೆ ಕೇಳುವ ಪ್ರೀ-ಬಿಡ್‌ನಲ್ಲಿ ಬರೆದು ಕೇಳಿದೆ. "ಟೆಂಡರ್ ಷರತ್ತಿನಂತೆ" ಎಂದು ಒಂದೇ ಸಾಲಿನ ಉತ್ತರ ಬಂತು. ಬಿಡ್ ತೆರೆದಾಗ ಆ ಡೈ ಇದ್ದವರ ಬಿಡ್ ಜೊತೆ ಇನ್ನೆರಡು ಇದ್ದವು. ಲೆಕ್ಕಕ್ಕೆ ಇರಲಿ ಅಂತ ಹಾಕುವ ಇಂಥವನ್ನು ನಮ್ಮಲ್ಲಿ 'ಸಪೋರ್ಟ್ ಬಿಡ್' ಅನ್ನುತ್ತಾರೆ.

ಮೇಲ್ಮನವಿ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೆಟಿಪಿಪಿಯ 16ನೇ ಕಲಂ ಅದಕ್ಕೆ 30 ದಿನ ಕೊಡುತ್ತದೆ. ಆದರೆ ಅದನ್ನು ಕೇಳುವವರು ಸಾಮಾನ್ಯವಾಗಿ ಅದೇ ಇಲಾಖೆಯ ಮೇಲಧಿಕಾರಿ. ಅಲ್ಲಿ ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಡೆಸ್ಕಿನಲ್ಲಿ ಉಳಿಯುವ ಲಾಭ ವಕೀಲರ ಫೀಸಿಗೂ ಸಾಲುವುದಿಲ್ಲ. ದೆಹಲಿಯಲ್ಲಿ 2012ರಲ್ಲಿ ಸಾರ್ವಜನಿಕ ಖರೀದಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಇಂಥ ದೂರು ಕೇಳಲು ಸ್ವತಂತ್ರ ಸಮಿತಿಗಳು ಅದರಲ್ಲಿದ್ದವು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು. ಹಾಗಾಗಿ ಕೇಂದ್ರದ ಖರೀದಿ ಇವತ್ತಿಗೂ ನಡೆಯುವುದು ಹಣಕಾಸು ನಿಯಮಗಳು ಮತ್ತು ಕೈಪಿಡಿಗಳ ಮೇಲೆ. ಅದಕ್ಕೇ ಅಂತ ಸಂಸತ್ತು ಪಾಸು ಮಾಡಿದ ಕಾಯ್ದೆ ಇಲ್ಲ. ಇಷ್ಟು ದೊಡ್ಡ ದೇಶಕ್ಕೆ ಇದು ದೊಡ್ಡ ಕೊರತೆ ಅಂತಲೇ ನನಗೆ ಅನಿಸುತ್ತದೆ.

ಇನ್ನು ಬಿಲ್. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಒಂದು ಕಚೇರಿಗೆ ನಾವು ಮಳೆಗಾಲದಲ್ಲಿ ಕೊಟ್ಟ ಡೆಸ್ಕುಗಳ ಹಣ ಬಂದಿದ್ದು ಮುಂದಿನ ಯುಗಾದಿ ಹೊತ್ತಿಗೆ. ಅಷ್ಟರಲ್ಲಿ ಮಕ್ಕಳು ಅದರ ಮೇಲೆ ಕೂತು ಪರೀಕ್ಷೆಯನ್ನೂ ಬರೆದಿದ್ದರು. ಯಾವಾಗ ಕೇಳಿದರೂ "ಎಲ್‌ಓಸಿ ಬಂದಿಲ್ಲ ಮೇಡಂ" ಅನ್ನುತ್ತಿದ್ದರು, ಅಂದರೆ ಹಣ ಬಿಡುಗಡೆಯ ಪತ್ರ ಮೇಲಿನಿಂದ ಬಂದಿಲ್ಲ ಅಂತ. ಪೈಪ್ ಅಂಗಡಿಯವರು ತಿಂಗಳ ಮೇಲೆ ಉದ್ರಿ ಕೊಡುವುದಿಲ್ಲ. ಬ್ಯಾಂಕಿನ ಸಿಸಿ ಖಾತೆಯ ಸಾಲ ಮಿತಿಯ ತುದಿ ಮುಟ್ಟಿರುತ್ತದೆ. ವೆಲ್ಡರುಗಳಿಗೆ ಶನಿವಾರ ಪಗಾರ ಕೊಡಲೇಬೇಕು.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಮ್ಮಂಥವರಿಗೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೊಡಲು ಆನ್‌ಲೈನ್ ಪೋರ್ಟಲ್ ಕೂಡ ಇದೆ. ಆದರೆ ನನ್ನ ಪರಿಚಯದಲ್ಲಿ ಸರ್ಕಾರಿ ಕಚೇರಿಯ ಮೇಲೆ ದೂರು ಹಾಕಿದವರು ಯಾರೂ ಇಲ್ಲ. ಮುಂದಿನ ಟೆಂಡರೂ ಅದೇ ಕಚೇರಿಯದ್ದೇ ಅಲ್ವಾ? 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಕಲಂ ಬಂತು. ಸಣ್ಣ ಉದ್ಯಮಕ್ಕೆ 45 ದಿನದಲ್ಲಿ ಹಣ ಕೊಡದಿದ್ದರೆ, ಕೊಡುವ ತನಕ ಆ ಖರ್ಚನ್ನು ಲೆಕ್ಕದಲ್ಲಿ ತೋರಿಸುವಂತಿಲ್ಲ. ರ್‍ಯಾಕ್ ಕೊಳ್ಳುವ ಖಾಸಗಿ ಕಂಪನಿಗಳು ಅದರಿಂದ ಚುರುಕಾದವು. ಸರ್ಕಾರ ಆದಾಯ ತೆರಿಗೆ ಕಟ್ಟುವುದಿಲ್ಲವಲ್ಲ, ಅದಕ್ಕೆ ಆ ಕಲಂ ತಾಗುವುದೇ ಇಲ್ಲ. ಸರ್ಕಾರಿ ಕಚೇರಿಗಳು ಸಾಮಾನು ಕೊಳ್ಳಲು 2016ರಲ್ಲಿ ಶುರುವಾದ ಕೇಂದ್ರದ ಜೆಮ್ ಪೋರ್ಟಲ್ ಇದ್ದುದರಲ್ಲಿ ವಾಸಿ. ಸಾಮಾನು ಒಪ್ಪಿಕೊಂಡ ಮೇಲೆ 10 ದಿನದಲ್ಲಿ ಹಣ ಕೊಡಬೇಕು ಅಂತ ಅಲ್ಲಿ ಬರೆದಿದೆ. ಆದರೆ ಗಡಿಯಾರ ಶುರುವಾಗುವುದೇ ಅವರು 'ಒಪ್ಪಿದೆ' ಅಂತ ಒತ್ತಿದ ಮೇಲೆ.

ತಡವಾದ ಹಣದ ಬಡ್ಡಿ ಎಲ್ಲಿಂದ ಬರುತ್ತದೆ? ಒಬ್ಬರು ಅದನ್ನು ಮೊದಲೇ ದರದಲ್ಲಿ ಸೇರಿಸುತ್ತಾರೆ. ಆಗ ಸರ್ಕಾರವೇ ಜಾಸ್ತಿ ಕೊಡುತ್ತದೆ. ಇನ್ನೊಬ್ಬರು ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿ ಟೆಂಡರ್ ಗೆಲ್ಲುವವರು ಆಗಬೇಕು, ದರ ಏರಿಸುವಂತಿಲ್ಲ. ಅವರು ಪೈಪಿನಲ್ಲಿ ಕದಿಯುತ್ತಾರೆ. 1.2 ಮಿ.ಮೀ. ಹೋಗಿ 1.0 ಆಗುತ್ತದೆ. ಮೇಲೆ ಬಣ್ಣ ಬಿದ್ದ ಮೇಲೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ವರ್ನಿಯರ್ ಹಿಡಿದು ಪೈಪಿನ ತುದಿ ಅಳೆದರೆ ಅರ್ಧ ನಿಮಿಷದ ಕೆಲಸ. ಆದರೆ ತುದಿಗೆ ಪ್ಲಾಸ್ಟಿಕ್ ಬುಷ್ ಹಾಕಿರುತ್ತದೆ. ಅದನ್ನು ಕಿತ್ತು ಒಳಗೆ ನೋಡುವ ತಪಾಸಣೆ ನಾನು ಕಂಡಿದ್ದು ತೀರಾ ಅಪರೂಪ. ಡೆಸ್ಕ್ ಎಣಿಸುತ್ತಾರೆ, ಒಂದೆರಡನ್ನು ಅಲುಗಾಡಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಎರಡು ವರ್ಷ ಕಳೆದ ಮೇಲೆ ವೆಲ್ಡ್ ಪಕ್ಕದಲ್ಲೇ ಪೈಪ್ ಸೀಳುತ್ತದೆ. ಸೀಳಿದ ತುದಿ ಮಕ್ಕಳ ಕಾಲಿಗೆ ತಾಗುವ ಎತ್ತರದಲ್ಲೇ ಇರುತ್ತದೆ. ಇದು ನೆನಪಾದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಎಲ್1 ಪದ್ಧತಿಯೇ ಕೆಟ್ಟದ್ದು, ತೆಗೆಯಿರಿ ಅನ್ನುವವರು ತುಂಬ ಜನ. ಕೇಂದ್ರ ಹಣಕಾಸು ಇಲಾಖೆ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಕಾಮಗಾರಿಗಳಿಗೆ ಕೆಲವು ಸಂದರ್ಭಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡಬಹುದು ಎಂದಿದೆ, ಹೆಚ್ಚೆಂದರೆ ಶೇ. 30. ದೊಡ್ಡ ಸೇತುವೆ, ಸುರಂಗಕ್ಕೆ ಅದು ಸರಿ ಇರಬಹುದು. ಡೆಸ್ಕಿಗೆ ನನಗೆ ಬೇಡ. ಅಂಕ ಅಂದ ಕೂಡಲೇ ಅಧಿಕಾರ ಅಂಕ ಹಾಕುವವರ ಕೈಗೆ ಹೋಗುತ್ತದೆ. ಮೊಟ್ಟೆ ಪೈಪ್ ಬರೆದವರೇ ಅಂಕವನ್ನೂ ಹಾಕುತ್ತಾರೆ. ಎಲ್1 ಇರಲಿ. ಬುಷ್ ಕಿತ್ತು ಅಳೆಯಲಿ, ಅಳತೆಯನ್ನು ಪೋರ್ಟಲಿನಲ್ಲಿ ಹಾಕಲಿ. ಅದೇ ಸೂಚನೆಯಲ್ಲಿ ನನಗೆ ಇಷ್ಟವಾದ ಮಾತು ಬೇರೆ ಇದೆ. ಕಾಮಗಾರಿ ಬಿಲ್ ಕೊಟ್ಟ 10 ಕೆಲಸದ ದಿನದೊಳಗೆ ಕನಿಷ್ಠ ಶೇ. 75 ಹಣ ಕೊಡಿ, ಉಳಿದಿದ್ದನ್ನು ಪರಿಶೀಲಿಸಿ 28 ಕೆಲಸದ ದಿನದೊಳಗೆ ಕೊಡಿ ಅಂತ. ಇದನ್ನು ಸಾಮಾನು ಪೂರೈಸುವ ನಮ್ಮಂಥವರಿಗೂ, ರಾಜ್ಯದ ಕಚೇರಿಗಳಿಗೂ ತಂದರೆ ಎಷ್ಟೋ ಶೆಡ್ಡುಗಳು ಉಳಿಯುತ್ತವೆ.

ಈ ವಿಷಯ ಹುಡುಕುತ್ತಾ ನಾನು ಉಕ್ರೇನಿನ ಕಥೆ ಓದಿದೆ. 2014ರ ಹೋರಾಟದ ಬಳಿಕ ಅಲ್ಲಿ ಸ್ವಯಂಸೇವಕರು, ಸಾಫ್ಟ್‌ವೇರ್‌ನವರು, ಕೆಲವು ಅಧಿಕಾರಿಗಳು ಸೇರಿ ಪ್ರೊಝೊರ್ರೊ ಅನ್ನುವ ಆನ್‌ಲೈನ್ ಸರ್ಕಾರಿ ಖರೀದಿ ವ್ಯವಸ್ಥೆ ಕಟ್ಟಿದರು. 2015ರಲ್ಲಿ ಪ್ರಯೋಗ ನಡೆಯಿತು, 2016ರ ಆಗಸ್ಟ್ ಹೊತ್ತಿಗೆ ಎಲ್ಲ ಸರ್ಕಾರಿ ಖರೀದಿದಾರರಿಗೂ ಕಡ್ಡಾಯವಾಯಿತು. "ಎಲ್ಲರಿಗೂ ಎಲ್ಲವೂ ಕಾಣಬೇಕು" ಅನ್ನುವುದೇ ಅವರ ಘೋಷವಾಕ್ಯ. ಹರಾಜು ಮುಗಿದ ಮೇಲೆ ಸೋತವರ ಬಿಡ್, ಗೆದ್ದವರ ಕಾಗದಪತ್ರ, ಒಪ್ಪಂದ, ಆಮೇಲೆ ಅದರಲ್ಲಿ ಮಾಡಿದ ತಿದ್ದುಪಡಿ ಎಲ್ಲವನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ಅದರ ಮೇಲೆ ಕಣ್ಣಿಡಲು ನಾಗರಿಕರದೇ ಡೊಝೊರ್ರೊ ಅನ್ನುವ ಇನ್ನೊಂದು ತಾಣ ಇದೆ. ಯುದ್ಧ ಶುರುವಾದ ಮೇಲೆ ಸೈನ್ಯದ ಖರೀದಿ ಗುಟ್ಟಿನಲ್ಲಿ ನಡೆಯಿತು. 2023ರ ಜನವರಿಯಲ್ಲಿ ಪತ್ರಕರ್ತ ಯೂರಿ ನಿಕೊಲೊವ್, ಅಂಗಡಿಯಲ್ಲಿ 7 ಹ್ರಿವ್ನಿಯಾ (ಅಲ್ಲಿನ ನಾಣ್ಯ) ಆಸುಪಾಸಿಗೆ ಸಿಗುವ ಮೊಟ್ಟೆಯನ್ನು ಸೈನ್ಯಕ್ಕೆ 17ರ ಲೆಕ್ಕದಲ್ಲಿ ಕೊಳ್ಳುತ್ತಿದ್ದಾರೆ ಅಂತ ಬರೆದರು. ಮುಂದಿನ ತಿಂಗಳೇ ಸಂಸತ್ತು ಆಹಾರ, ಬಟ್ಟೆಯಂಥ ಖರೀದಿಯ ಬೆಲೆ ಪ್ರಕಟಿಸಬೇಕು ಅಂತ ಕಾನೂನು ಮಾಡಿತು. ಬಾಂಬ್ ಬೀಳುತ್ತಿರುವ ದೇಶಕ್ಕೆ ಮೊಟ್ಟೆಯ ದರ ತೋರಿಸಲು ಆಯಿತು. ನಮಗೆ ಒಂದು ಡೆಸ್ಕ್ ಬಿಲ್ಲಿನ ತಾರೀಕು ತೋರಿಸಲು ಏನು ಅಡ್ಡಿ?

ನಾನು ಕೇಳುತ್ತಿರುವುದು ಇಷ್ಟೇ. ಪೋರ್ಟಲಿನಲ್ಲಿ ಪ್ರತಿ ಟೆಂಡರಿನ ಪುಟದಲ್ಲೂ ಇನ್ನು ನಾಲ್ಕು ತಾರೀಕು ಬರಲಿ: ಸಾಮಾನು ತಲುಪಿದ ದಿನ, ತಪಾಸಣೆ ಆದ ದಿನ, ಬಿಲ್ ಕೊಟ್ಟ ದಿನ, ಹಣ ಹೋದ ದಿನ. ಮೊದಲು ಬಂದ ಬಿಲ್ಲಿಗೆ ಮೊದಲು ಹಣ ಕೊಡಿ ಅಂತ ಗುತ್ತಿಗೆದಾರರು ಎಷ್ಟೋ ಕಾಲದಿಂದ ಕೇಳುತ್ತಲೇ ಇದ್ದಾರೆ. ತಾರೀಕು ಎಲ್ಲರಿಗೂ ಕಂಡರೆ ನಡುವೆ ನುಗ್ಗಿದವರು ಯಾರು ಅಂತಲೂ ಗೊತ್ತಾಗುತ್ತದೆ. ಆಗ ಹಣ ಬೇಗ ಬರುವ ಕಚೇರಿಗೆ ಬಿಡ್ ಜಾಸ್ತಿ ಬೀಳುತ್ತವೆ, ದರವೂ ಇಳಿಯುತ್ತದೆ. ನಾನೇ ಹಾಗೆ ಮಾಡುತ್ತೇನೆ. ಹಣ ಬೇಗ ಕೊಡುವ ಕಚೇರಿ ಅಂತ ಗೊತ್ತಿದ್ದರೆ ಅಲ್ಲಿಗೆ ಕಡಿಮೆ ದರ ಹಾಕುತ್ತೇನೆ.

ಪೋರ್ಟಲಿನಲ್ಲಿ ಬರುವ ತನಕ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ನಾನು ಬರೆಯುವುದು ಹೀಗೆ: "ಈ ಆರ್ಥಿಕ ವರ್ಷದಲ್ಲಿ ತಮ್ಮ ಕಚೇರಿಯು ಪೀಠೋಪಕರಣ ಖರೀದಿಗೆ ಸ್ವೀಕರಿಸಿದ ಪ್ರತಿ ಬಿಲ್ಲಿನ ಸ್ವೀಕೃತಿ ದಿನಾಂಕ, ಮೊತ್ತ ಮತ್ತು ಪಾವತಿ ದಿನಾಂಕ ಇರುವ ವಹಿಯ ದೃಢೀಕೃತ ಪ್ರತಿ ನೀಡಿ." ಬೇಕಾದರೆ ಪೀಠೋಪಕರಣದ ಜಾಗದಲ್ಲಿ ನಿಮ್ಮ ಸಾಮಾನಿನ ಹೆಸರು ಹಾಕಿಕೊಳ್ಳಿ. ನಿಮ್ಮ ಹೆಸರಲ್ಲಿ ಕೇಳಲು ಹೆದರಿಕೆ ಆದರೆ, ಟೆಂಡರ್ ಹಾಕದ ಯಾರಾದರೂ ಗೆಳೆಯರಿಂದ ಹಾಕಿಸಿ.