ಹಳೆಯ ಸೆಲಿಕಾ ಕೊಟ್ಟು ಜಿಆರ್86 ತರುವ ಮುಂಚೆ

ವರ್ಷಗಟ್ಟಲೆ ಜತೆಗಿದ್ದ ಕೂಪೆಯನ್ನು (ಎರಡು ಬಾಗಿಲಿನ ಸ್ಪೋರ್ಟಿ ಕಾರನ್ನು) ಬದಲಾಯಿಸಲು ಹೊರಟವರು ಹೆಚ್ಚಾಗಿ ಹಳೆಯ ಗಾಡಿಗೆ ಅನ್ಯಾಯ ಮಾಡುತ್ತಾರೆ. ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಶ್ ಹರಿದು, ಶಾಕ್ ಅಬ್ಸಾರ್ಬರ್ ಸೋತು, ಟೈರು ಕಲ್ಲಾಗಿರುವ ಕಾರನ್ನು ಶೋರೂಮಿನಿಂದ ಆಗಷ್ಟೇ ಇಳಿದ ಕಾರಿನ ಪಕ್ಕ ನಿಲ್ಲಿಸಿ ತೂಗುತ್ತಾರೆ. ಹೊಸದು ಗೆಲ್ಲದೆ ಇನ್ನೇನಾದೀತು? ಆರು ತಿಂಗಳು ಕಳೆದ ಮೇಲೆ, ಹಳೆಯದರಲ್ಲಿ ಇದ್ದದ್ದು ಇದರಲ್ಲಿ ಏನೋ ಇಲ್ಲವಲ್ಲ ಎಂಬ ಕೊರಗು ಶುರುವಾಗುತ್ತದೆ. ಹಳೆಯದನ್ನು ಅದರ ನಿಜವಾದ ಸ್ಥಿತಿಗೆ ತಂದು, ಆಮೇಲೆ ಹೋಲಿಸಿ, ಆಮೇಲೆ ತೀರ್ಮಾನ ಮಾಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉದಾಹರಣೆಗೆ 1999ರಿಂದ 2006ರವರೆಗೆ ತಯಾರಾದ ಏಳನೇ ತಲೆಮಾರಿನ ಟೊಯೋಟಾ ಸೆಲಿಕಾವನ್ನೂ 2021ರಲ್ಲಿ ಬಂದ ಜಿಆರ್86 ಅನ್ನೂ ಇಟ್ಟುಕೊಳ್ಳುತ್ತೇನೆ. ಎರಡೂ ಟೊಯೋಟಾ, ಎರಡೂ ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನವು, ಎರಡರಲ್ಲೂ ಆರು ಗೇರಿನ ಮ್ಯಾನುಯಲ್ ಸಿಗುತ್ತದೆ. ಆದರೂ ಸ್ವಭಾವ ಪೂರ್ತಿ ಬೇರೆ: ಸೆಲಿಕಾವನ್ನು ಮುಂದಿನ ಚಕ್ರ ಎಳೆಯುತ್ತದೆ, ಜಿಆರ್86 ಅನ್ನು ಹಿಂದಿನ ಚಕ್ರ ತಳ್ಳುತ್ತದೆ.

ಸೆಲಿಕಾದಲ್ಲಿ ಮೊದಲು ಕೈ ಹಾಕಬೇಕಾದದ್ದು ಸಸ್ಪೆನ್ಷನ್‌ಗೆ. ಮುಂದಿನ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ಬುಶ್‌ಗಳಲ್ಲಿ ರಬ್ಬರು ಬಿರುಕು ಬಿಟ್ಟಿದ್ದರೆ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ಹೊಸ ಬುಶ್ ಹಾಕುವಾಗ ನಡೆಯುವ ದೊಡ್ಡ ತಪ್ಪು ಎಂದರೆ ಗಾಡಿ ಲಿಫ್ಟ್ ಮೇಲೆ ಇದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿಯುವುದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬಲುಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರವನ್ನು ಅದು ರಸ್ತೆಯ ಮೇಲೆ ನಿಲ್ಲುವ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ಶಾಕ್ ಅಬ್ಸಾರ್ಬರನ್ನು ಬಾನೆಟ್ ಒತ್ತಿ ಕುಣಿಸಿ ಪರೀಕ್ಷಿಸುವ ವಾಡಿಕೆಯನ್ನು ನಂಬಬೇಡಿ. ಅರ್ಧ ಸೋತದ್ದೂ ಅದರಲ್ಲಿ ಪಾಸಾಗುತ್ತದೆ. ರಾಡ್ ಸುತ್ತ ಎಣ್ಣೆ ಜಿನುಗಿದೆಯೇ, ಟೈರಿನ ಸುತ್ತಳತೆಯ ಉದ್ದಕ್ಕೂ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದೆಯೇ ನೋಡಿ. ಟೈರಿನ ಪಕ್ಕೆಯಲ್ಲಿ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2317 ಎಂದರೆ 2017ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಪಟ್ಟೆ ಎಷ್ಟೇ ಉಳಿದಿದ್ದರೂ ಹಿಡಿತವನ್ನು ಅಳೆಯಲು ಹೋಗಬೇಡಿ. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರಿನ ಎಂಜಿನ್ ಮೌಂಟ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಎಂಜಿನ್ ಹಿಂದೆ ಮುಂದೆ ಓಲಾಡಿ, ಗೇರ್ ಲಿವರ್ ಸಡಿಲವಾದಂತೆ ಅನ್ನಿಸುತ್ತದೆ. ಗೇರ್ ಬಾಕ್ಸೇ ಕೆಟ್ಟಿತು ಎಂದುಕೊಂಡು ಗಾಡಿ ಮಾರಿದವರೂ ಇದ್ದಾರೆ.

ಇನ್ನು ಎಂಜಿನ್. ಸ್ಪೋರ್ಟಿ ಸೆಲಿಕಾದಲ್ಲಿರುವ 2ಝೆಡ್‌ಝೆಡ್-ಜಿಇ 1,796 ಸಿಸಿಯದು. ಅದರ ಮಜಾ ಇರುವುದೆಲ್ಲ ಸುಮಾರು 6,200 ಆರ್‌ಪಿಎಂ ದಾಟಿದ ಮೇಲೆ, ವಾಲ್ವ್ ತೆರೆಯುವ ದಂಡವಾದ ಕ್ಯಾಮಿನ ಎತ್ತರದ ಉಬ್ಬು ಕೆಲಸಕ್ಕೆ ಇಳಿದಾಗ. ಗೊತ್ತಿರುವವರೆಲ್ಲ ಇದನ್ನು ಲಿಫ್ಟ್ ಎನ್ನುತ್ತಾರೆ. ಲಿಫ್ಟ್ ಬರುತ್ತಿಲ್ಲ ಎಂದರೆ ಎಂಜಿನ್ ಮುದಿಯಾಯಿತು ಎಂದು ತೀರ್ಮಾನಿಸುವ ಮುನ್ನ ಕ್ರಮವಾಗಿ ನೋಡುತ್ತ ಹೋಗಿ. ಎಂಜಿನ್ ಪೂರ್ತಿ ಬಿಸಿಯಾಗಿದೆಯೇ? ತಣ್ಣಗಿದ್ದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಲಿಫ್ಟ್ ಕೊಡುವುದೇ ಇಲ್ಲ. ಆಯಿಲ್ ಮಟ್ಟ ಸರಿಯಿದೆಯೇ? ಲಿಫ್ಟ್ ನಡೆಯುವುದೇ ಆಯಿಲ್ ಒತ್ತಡದಿಂದ, ಈ ಎಂಜಿನ್ ಆಯಿಲ್ ಕುಡಿಯುವುದೂ ಉಂಟು. ಆಮೇಲೆ ಆಯಿಲ್ ಕಂಟ್ರೋಲ್ ವಾಲ್ವಿನ ಪುಟ್ಟ ಜಾಲರಿ ಫಿಲ್ಟರ್ ಬಿಚ್ಚಿ ತೊಳೆಯಿರಿ. ಇಷ್ಟಾದರೂ ಬರದಿದ್ದರೆ ವಾಲ್ವ್ ಕವರ್ ತೆಗೆದು ರಾಕರ್ ಶಾಫ್ಟಿನ (ವಾಲ್ವ್ ಒತ್ತುವ ತೋಳುಗಳನ್ನು ಹೊತ್ತ ದಂಡದ) ಬೋಲ್ಟ್ ನೋಡಬೇಕು. ಆರಂಭದ ವರ್ಷಗಳ ಎಂಜಿನ್‌ಗಳಲ್ಲಿ ಈ ಬೋಲ್ಟುಗಳು ತುಂಡಾಗುತ್ತಿದ್ದವು. ತುಂಡಾದಾಗ ಶಾಫ್ಟಿನ ಆಯಿಲ್ ಒತ್ತಡ ಅಲ್ಲೇ ಸೋರಿಹೋಗಿ ಆ ಬದಿಯ ಲಿಫ್ಟ್ ನಿಂತುಹೋಗುತ್ತದೆ. ಹೊಸ ವಿನ್ಯಾಸದ ಬೋಲ್ಟ್ ಹಾಕಿದರೆ ಸಮಸ್ಯೆ ಮುಗಿಯಿತು. ತುಂಡಾದ ಚೂರನ್ನು ಮಾತ್ರ ತಪ್ಪದೆ ಹೊರತೆಗೆಯಿರಿ.

ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಎಂದು ಅಳೆಯುವ ಕಂಪ್ರೆಶನ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಎಂಜಿನ್ ಬಿಸಿಯಿರಬೇಕು, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿರಬೇಕು, ಇಂಧನ ಬಂದ್ ಆಗಿರಬೇಕು, ಆಕ್ಸಿಲರೇಟರನ್ನು ಪೂರ್ತಿ ತುಳಿದಿರಬೇಕು. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿ ಸಾಲದೆ ಚೆನ್ನಾಗಿರುವ ಎಂಜಿನ್ನೂ ಸೋತಂತೆ ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ, ಅದು ಶೇ. 10ರ ಒಳಗಿದ್ದರೆ ನೆಮ್ಮದಿ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಬೇಕು.

ಇಷ್ಟು ಮಾಡಿ ಒಂದೆರಡು ವಾರ ಓಡಿಸಿದ ಮೇಲೆ ಕೆಲವರು ಬದಲಾಯಿಸುವ ಯೋಚನೆಯನ್ನೇ ಬಿಡುತ್ತಾರೆ. ಅದೂ ಒಳ್ಳೆಯ ಫಲಿತಾಂಶವೇ. ಚಾಸಿಗೆ ತುಕ್ಕು ಹತ್ತಿದ್ದರೆ, ಅಗತ್ಯದ ಬಿಡಿಭಾಗ ಸಿಗುವುದೇ ನಿಂತಿದ್ದರೆ, ಅಥವಾ ಹಿಂದಿನ ಚಕ್ರ ತಳ್ಳುವ ಕಾರೇ ಬೇಕು ಅನ್ನಿಸಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಜಿಆರ್86ನ 2,387 ಸಿಸಿ ಬಾಕ್ಸರ್ ಎಂಜಿನ್ (ಸಿಲಿಂಡರುಗಳು ಎರಡೂ ಬದಿಗೆ ಅಡ್ಡ ಮಲಗಿರುವಂಥದ್ದು) ಸುಬಾರು ತಯಾರಿಸಿದ್ದು. ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್, ಅದೂ 3,700 ಆರ್‌ಪಿಎಂನಲ್ಲೇ. ಸೆಲಿಕಾದ್ದು 180, ಅದಕ್ಕಾಗಿ 6,800ರವರೆಗೆ ಎಳೆಯಬೇಕು. ಸೆಲಿಕಾ ಓಡಿಸಿದವರ ಕೈಗೆ ಒಂದು ಅಭ್ಯಾಸ ಕೂತಿರುತ್ತದೆ: ಎಂಜಿನ್ ವೇಗದ ಮಿತಿಯಾದ ರೆಡ್‌ಲೈನ್ ಮುಟ್ಟುವ ತನಕ ಬಿಡುವುದಿಲ್ಲ, ಬೇಗ ಗೇರ್ ಹಾಕಿದರೆ ಮುಂದಿನ ಗೇರಿನಲ್ಲಿ ಲಿಫ್ಟ್ ತಪ್ಪುತ್ತದೆಂಬ ಆತುರ. ಹೊಸ ಕಾರಿನಲ್ಲಿ ಆ ಆತುರ ಬೇಡ. ತಿರುವಿನ ಮಧ್ಯೆ ಮೂರನೇ ಗೇರಿನಲ್ಲೇ ಇದ್ದು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದರೆ ಸಾಕು, ತಿರುವು ದಾಟಿಸಿ ಮುಂದಕ್ಕೆ ಒಯ್ಯುತ್ತದೆ. ಸೆಲಿಕಾದಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಸಡಿಲಿಸಿ ಮೂಗನ್ನು ಒಳಕ್ಕೆ ತರುತ್ತಿದ್ದಿರಿ. ಇಲ್ಲಿ ತಿರುವಿನ ನಡುವೆ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ, ಒದ್ದೆ ರಸ್ತೆಯಲ್ಲಿ ಸುತ್ತಿಬಿಡುತ್ತದೆ. ಖಾಲಿ ಮೈದಾನವೋ ಟ್ರ್ಯಾಕೋ ಸಿಕ್ಕಿದಾಗ ಇದನ್ನು ಕಡಿಮೆ ವೇಗದಲ್ಲಿ ಕಲಿತುಕೊಳ್ಳುವುದು ಯಾವ ಬಿಡಿಭಾಗ ಕೊಳ್ಳುವುದಕ್ಕಿಂತಲೂ ಮೇಲು.

ಟೆಸ್ಟ್ ಡ್ರೈವಿಗೆ ಹೋದಾಗ ಎಂಜಿನ್ ಜೋರಿಗೆ ಮರುಳಾಗಬೇಡಿ. ನಿಮ್ಮ ಸೀಟಿನ ಎತ್ತರ, ಹೀಲ್-ಟೋ ಮಾಡಲು (ಒಂದೇ ಪಾದದಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತಲು) ಪೆಡಲುಗಳ ನಡುವಿನ ಅಂತರ, ಹಿಂಬದಿಯ ನೋಟ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ನೋಡಿ. ಸೆಲಿಕಾದ ಹೈಡ್ರಾಲಿಕ್ ಸ್ಟೀರಿಂಗ್ ರಸ್ತೆಯ ಮಾತನ್ನು ಕೈಗೆ ಮುಟ್ಟಿಸುತ್ತಿತ್ತು. ಇದರದು ಎಲೆಕ್ಟ್ರಿಕ್, ನಿಖರವಾಗಿದ್ದರೂ ಸ್ವಲ್ಪ ಮೌನಿ. ಒಳಗೆ ಕೇಳುವ ಸದ್ದಿನಲ್ಲಿ ಒಂದಷ್ಟು ಪಾಲು ಸ್ಪೀಕರಿನದು. ತಣ್ಣಗಿದ್ದಾಗ ಎರಡನೇ ಗೇರು ಒರಟಾಗಿ ಬೀಳುವುದು, ಇಂಜೆಕ್ಟರುಗಳ ಟಿಕ್ ಟಿಕ್ ಸದ್ದು ಎರಡೂ ಸಹಜ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಟ್ರ್ಯಾಕಿನಲ್ಲಿ ಓಡಿದ ಗುರುತು ಹುಡುಕಿ: ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಅಂಟಿದ ರಬ್ಬರ್ ಚೂರು, ನೀಲಿ ಬಣ್ಣಕ್ಕೆ ತಿರುಗಿದ ಬ್ರೇಕ್ ಡಿಸ್ಕ್, ಹೊರ ಅಂಚು ಮಾತ್ರ ಸವೆದ ಮುಂದಿನ ಟೈರು. ಟ್ರ್ಯಾಕಿಗೆ ಹೋದದ್ದು ಅಪರಾಧವಲ್ಲ, ಹೋಗಿಯೂ ಆಯಿಲ್ ಬದಲಿಸದಿದ್ದರೆ ಅಪರಾಧ. ಈ ಎಂಜಿನ್ನಿನ ಗೊತ್ತಿರುವ ದೌರ್ಬಲ್ಯವೂ ಆಯಿಲಿಗೇ ಸಂಬಂಧಿಸಿದ್ದು. ಕಾರ್ಖಾನೆಯಲ್ಲಿ ಆಯಿಲ್ ಪ್ಯಾನಿಗೆ ಹಚ್ಚಿದ ಸೀಲಂಟ್ (ಸೋರದಂತೆ ತಡೆಯುವ ಅಂಟು) ಹೆಚ್ಚಾಗಿದ್ದರೆ ಒಳಗೆ ಉಬ್ಬಿ ಬಂದ ಎಳೆ ಕಳಚಿ, ಆಯಿಲ್ ಹೀರುವ ಪಿಕಪ್ ಕೊಳವೆಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾನ್ ಇಳಿಸಿ ಜಾಲರಿ ಶುಚಿ ಮಾಡುವವರು ಮತ್ತೆ ಕೂರಿಸುವಾಗ ಸೀಲಂಟನ್ನು ಧಾರಾಳವಾಗಿ ಬಳಿದರೆ ಅದೇ ಕಥೆ ಪುನಃ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲು ಡೀಲರಿನಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಿಡಿತ ಜಾಸ್ತಿಯಿರುವ ಟೈರು ಹಾಕಿ ಉದ್ದನೆಯ ಬಲ ತಿರುವಿನಲ್ಲಿ ಎಳೆದರೆ ಆಯಿಲ್ ಒತ್ತಡ ಬೀಳುವುದೂ ವರದಿಯಾಗಿದೆ. ಹಾಗಾಗಿ ಟ್ರ್ಯಾಕಿಗೆ ಹೊರಟಾಗ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲುಗುರುತನ್ನು ಮುಟ್ಟಿರಲೇಬೇಕು.

ಕಾರು ಮನೆಗೆ ಬಂದ ಮೇಲೆ ಆತುರ ಬೇಡ. ಇದೇ ಕಾರಿನ ಅವಳಿಯಾದ ಸುಬಾರು ಬಿಆರ್‌ಝೆಡ್‌ನ ಕೈಪಿಡಿ ಮೊದಲ 1,600 ಕಿ.ಮೀ. ತನಕ 4,000 ಆರ್‌ಪಿಎಂ ದಾಟಬೇಡಿ ಎನ್ನುತ್ತದೆ. ಆಮೇಲೂ, ಮೀಟರಿನಲ್ಲಿ ಆಯಿಲ್ ತಾಪ 70 ಡಿಗ್ರಿ ಮುಟ್ಟುವ ತನಕ ಜೋರು ಮಾಡದಿರುವುದು ಒಳ್ಳೆಯದು. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ತಡವಾಗಿ. ಮೂಗು ಒಳಕ್ಕೆ ತಿರುಗಲು ಹಿಂಜರಿಯುತ್ತದೆ ಅನ್ನಿಸಿದರೆ ಮೊದಲು ಅಲೈನ್‌ಮೆಂಟ್ ನೋಡಿ. ಕಾರ್ಖಾನೆಯಿಂದ ಬಂದಾಗ ಮುಂದಿನ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೆಚ್ಚೂಕಡಿಮೆ ಸೊನ್ನೆ. ಸ್ಟ್ರಟ್ಟಿನ ಮೇಲಿನ ಬೋಲ್ಟ್ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿ ಮೈನಸ್ 1.5 ಡಿಗ್ರಿಯ ಆಸುಪಾಸಿಗೆ ತಂದು, ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಓರೆ) ಸೊನ್ನೆ, ಹಿಂದೆ ತುಸು ಟೋ-ಇನ್ (ಚಕ್ರಗಳ ಮುಂಭಾಗ ಒಳಮುಖ) ಇಟ್ಟರೆ ಸೆಲಿಕಾದಲ್ಲಿದ್ದ ಚುರುಕು ಬಹುಪಾಲು ಮರಳುತ್ತದೆ. ಹಿಂದಿನ ಕ್ಯಾಂಬರ್ ತಿದ್ದಲು ಮಾತ್ರ ಬೇರೆ ಕಂಟ್ರೋಲ್ ಆರ್ಮ್ ಬೇಕು. ಟ್ರ್ಯಾಕಿಗೆ ಹೋಗುವುದಿದ್ದರೆ ಬ್ರೇಕ್ ಆಯಿಲನ್ನು ಡಾಟ್ 5.1ಗೆ ಬದಲಿಸಿ: ಹೊಸದರಲ್ಲಿ ಕನಿಷ್ಠ 260 ಡಿಗ್ರಿ, ನೀರು ಹೀರಿದ ಮೇಲೂ 180 ಡಿಗ್ರಿ ತನಕ ಕುದಿಯುವುದಿಲ್ಲ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಸ್ಪಾರ್ಕ್ ಪ್ಲಗ್ ಬದಲಿಸುವ ಕೆಲಸಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸೆಲಿಕಾದಲ್ಲಿ ಪ್ಲಗ್ ಮೇಲೆಯೇ ಇದ್ದವು. ಬಾಕ್ಸರಿನಲ್ಲಿ ಅವು ಚಾಸಿಯ ಪಕ್ಕಕ್ಕೆ ಮುಖ ಮಾಡಿವೆ, ಕೈ ಆಡಿಸಲು ಎಂಜಿನ್ ಮೌಂಟ್ ಸಡಿಲಿಸಿ ಎತ್ತಬೇಕಾಗುವುದೂ ಉಂಟು.

ಸಾಧ್ಯವಿದ್ದರೆ ಒಂದು ತಿಂಗಳಾದರೂ ಎರಡನ್ನೂ ಇಟ್ಟುಕೊಂಡು ಅದೇ ರಸ್ತೆಯಲ್ಲಿ ಒಂದರ ಹಿಂದೊಂದು ಓಡಿಸಿ. ನಿಂತಿರುವ ಗಾಡಿಗೆ ಬ್ಯಾಟರಿ ಮೇಂಟೇನರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಎಳೆದಿಟ್ಟರೆ ಬ್ರೇಕ್ ಕಚ್ಚಿಕೊಳ್ಳಬಹುದು. ಸೆಲಿಕಾ ಮಾರುವಾಗ ಹೊರಗಿನಿಂದ ತಂದು ಹಾಕಿದ ಎಕ್ಸಾಸ್ಟ್, ಸ್ಪ್ರಿಂಗ್ ಬಿಚ್ಚಿ ಕಂಪನಿಯವನ್ನೇ ಮರಳಿ ಹಾಕಿ, ಬಿಚ್ಚಿದ್ದನ್ನು ಪ್ರತ್ಯೇಕವಾಗಿ ಮಾರಿ; ಒಟ್ಟಿಗೆ ಕೊಟ್ಟರೆ ಅವಕ್ಕೆ ಬೆಲೆ ಬರುವುದಿಲ್ಲ. ಕಂಪ್ರೆಶನ್ ಅಂಕಿಗಳ ಚೀಟಿ, ಹೊಸ ರಾಕರ್ ಬೋಲ್ಟಿನ ಬಿಲ್ಲು, ಎರಡನೇ ಕೀಲಿ ಇವನ್ನು ಸರ್ವಿಸ್ ಪುಸ್ತಕದ ಜತೆಗೆ ಇಟ್ಟುಕೊಡಿ. ಈ ಎಂಜಿನ್ ಬಲ್ಲವರು ಮೊದಲು ಕೇಳುವುದೇ ಆ ಬೋಲ್ಟಿನ ಬಿಲ್ಲನ್ನು.