ಮೂಡಗಾಳಿಗೆ ಮುಖ ಮಾಡಿದ ಹಕ್ಕಿಗಳು

ಹಾರುವ ಹಕ್ಕಿಗಳ ಚಿತ್ರ ತೆಗೆಯಲು ಆರಂಭಿಸಿದ ಮೊದಲ ಎರಡು ಚಳಿಗಾಲ ನಾನು ಬೋನಾಳ ಕೆರೆಗೆ ಹೋಗುತ್ತಿದ್ದುದು ಸಂಜೆ ಮಾತ್ರ. ಸುರಪುರದಲ್ಲಿ ಕಚೇರಿಯ ಕೆಲಸ ಮುಗಿಸಿ ಬೈಕ್ ಹತ್ತಿದರೆ, ಹೊತ್ತು ಮುಳುಗುವ ಮುನ್ನ ಒಂದಿಷ್ಟು ಹೊನ್ನಿನ ಬೆಳಕು ಸಿಗುತ್ತಿತ್ತು. ಸೂರ್ಯ ನಮ್ಮ ಬೆನ್ನ ಹಿಂದಿರಬೇಕು ಎಂಬ ಪಾಠವನ್ನು ಓದಿಕೊಂಡಿದ್ದೆನಾದ್ದರಿಂದ, ನೀರಿನ ಪಡುವಣ ದಂಡೆಯಲ್ಲಿ ನಿಂತು ಪೂರ್ವಕ್ಕೆ ಲೆನ್ಸ್ ಹಿಡಿಯುತ್ತಿದ್ದೆ. ಬೆಳಕು ಚೆನ್ನಾಗಿತ್ತು, ಫೋಕಸ್ ಕೂಡ ಒಂದು ಮಟ್ಟಕ್ಕೆ ಕೂಡುತ್ತಿತ್ತು. ಆದರೂ ಚಿತ್ರಗಳಲ್ಲಿ ಏನೋ ಕೊರತೆ. ಒಂದು ರಾತ್ರಿ ಅವನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಮಗಳು, “ಪಪ್ಪಾ, ಇವೆಲ್ಲ ಹೊಂಟು ಹೋಗೋ ಹಕ್ಕಿನೇ ಅವಲ್ಲ, ಬರೋ ಹಕ್ಕಿ ಒಂದೂ ಇಲ್ಲೇನು?” ಎಂದು ಕೇಳಿದಳು. ಎರಡು ವರ್ಷ ನಾನು ತೆಗೆದದ್ದು ಬಹುಮಟ್ಟಿಗೆ ಬಾಲಗಳ ಚಿತ್ರವೆಂಬುದು ಆಗ ನನಗೆ ಹೊಳೆಯಿತು.

ಕಾರಣವನ್ನು ತಿಳಿಸಿದವರು ಕೆರೆಯ ಪಕ್ಕದ ಹೊಲದಲ್ಲಿ ತೊಗರಿ ತೂರುತ್ತಿದ್ದ ಒಬ್ಬ ಹಿರಿಯರು. ಈಗ ರಾಶಿ ಮಾಡಲು ಯಂತ್ರಗಳೇ ಬರುತ್ತವೆ; ಅವರದು ಮನೆಮಟ್ಟಿಗೆ ಉಳಿದಿದ್ದ ಸ್ವಲ್ಪ ಕಾಳು. ಬುಟ್ಟಿಯನ್ನು ತಲೆಯೆತ್ತರಕ್ಕೆ ಎತ್ತಿ ಹೊಟ್ಟು ತಮ್ಮ ಮೈಮೇಲೆ ಬೀಳದಂತೆ ನಿಂತಿದ್ದ ಅವರು, ನನ್ನ ಗೋಳನ್ನು ಕೇಳಿ, “ಗಾಳಿ ಯಾ ಕಡಿಂದ ಬರ್ಲಿಕತ್ತದ, ಹಕ್ಕಿ ಆ ಕಡಿನೇ ಮಾರಿ ಮಾಡಿ ಇಳಿತದ್ರಿ ಸರ. ನೀವು ಅದರ ಹಿಂದ ನಿಂತೀರಿ” ಎಂದರು. ಅಷ್ಟೇ. ತೂರುವವನಿಗೆ ಗೊತ್ತಿರುವ ಗಾಳಿಯ ದಿಕ್ಕು, ಮೈತುಂಬ ಉಪಕರಣ ಹೊತ್ತು ನಿಂತ ನನಗೆ ಗೊತ್ತಿರಲಿಲ್ಲ.

ಹಕ್ಕಿ ಏಳುವಾಗಲೂ ಇಳಿಯುವಾಗಲೂ ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿಯೇ ಇರುತ್ತದೆ. ರೆಕ್ಕೆಯನ್ನು ಎತ್ತಿ ಹಿಡಿಯುವುದು ಅದರ ಮೇಲೆ ಹರಿಯುವ ಗಾಳಿ. ಎದುರುಗಾಳಿಯಿದ್ದರೆ ನೆಲದ ಲೆಕ್ಕದಲ್ಲಿ ನಿಧಾನವಾಗಿ ಚಲಿಸಿದರೂ ರೆಕ್ಕೆಗೆ ಬೇಕಾದ ವೇಗ ಸಿಗುತ್ತದೆ. ನಮ್ಮ ಭಾಗದಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ಸಂಜೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡವನಿಗೆ ಹಕ್ಕಿಗಳ ಬೆನ್ನೇ ಕಾಣುತ್ತದೆ. ಮುಂಜಾನೆ ಮಾತ್ರ ಬೆಳಕೂ ಗಾಳಿಯೂ ಒಂದೇ ದಿಕ್ಕಿನಿಂದ ಬರುತ್ತವೆ. ಆಗ ಮೂಡಣ ದಂಡೆಯಲ್ಲಿ ನಿಂತರೆ, ಮುಖದ ಮೇಲೆ ಬಿಸಿಲು ಬಿದ್ದ ಹಕ್ಕಿಗಳು ನೇರವಾಗಿ ನಮ್ಮ ಕಡೆಗೇ ಇಳಿದು ಬರುತ್ತವೆ. ಎದುರುಗಾಳಿ ಅವುಗಳ ಓಟವನ್ನು ತಗ್ಗಿಸುವುದರಿಂದ ಫೋಕಸ್ ಹಿಡಿಯಲು ಒಂದೆರಡು ಕ್ಷಣ ಹೆಚ್ಚಿಗೆ ಸಿಗುತ್ತದೆ. ರಾಮದಾಸ ಹದ್ದು ಹೊಲದ ಮೇಲೆ ಇದ್ದಲ್ಲೇ ರೆಕ್ಕೆ ಬಡಿಯುತ್ತ ನಿಲ್ಲುವುದೂ ಇದೇ ಗಾಳಿಯ ಆಸರೆಯಿಂದಲೇ. ಕಲಿಯುವವರಿಗೆ ಅದಕ್ಕಿಂತ ಉದಾರವಾದ ಹಕ್ಕಿ ಇನ್ನೊಂದಿಲ್ಲ.

ಸುರಪುರದ ನಾಯಕ ಅರಸರ ಕಾಲದ ಈ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ದಿನಚರಿಯೂ ಮುಂಜಾನೆಗೇ ಹೊಂದುತ್ತದೆ. ಅವು ರಾತ್ರಿ ಹೊಲಗದ್ದೆಗಳಲ್ಲಿ ಮೇಯ್ದು, ಬೆಳಗಾಗುವಾಗ ನೀರಿಗೆ ಮರಳುತ್ತವೆ. ಟಿಬೆಟ್, ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಜಾತಿಯ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನದಿಂದ ದಾಖಲಾಗಿದೆ. ಅಂಥ ಹಕ್ಕಿ ಕೆರೆಗೆ ಇಳಿಯುವಾಗ ಕಾಲು ಚಾಚಿ, ಬಾಲ ಬಿಚ್ಚಿ, ರೆಕ್ಕೆಯನ್ನು ಕೊಡೆಯಂತೆ ಬಾಗಿಸಿ ತಡೆಹಾಕುವ ಭಂಗಿಯನ್ನು ಎದುರಿನಿಂದ ನೋಡಿದ ಮೇಲೆ ಸಂಜೆಯ ಹೊನ್ನಿನ ಬೆಳಕಿನ ಮೋಹ ನನಗೆ ಬಿಟ್ಟುಹೋಯಿತು.

ಕ್ಯಾಮೆರಾದ ವಿಷಯ ಇದಕ್ಕಿಂತ ಸರಳ. ಹೆಬ್ಬಾತು, ಕೊಕ್ಕರೆಗಳಂಥ ದೊಡ್ಡ ಹಕ್ಕಿಗಳಿಗೆ ಸೆಕೆಂಡಿನ 1/1600 ಭಾಗದ ಶಟರ್ ವೇಗ ಸಾಕಾಗುತ್ತದೆ. ಮಿಂಚುಳ್ಳಿ, ಕವಲುತೋಕೆಗಳಿಗೆ 1/3200 ಅಥವಾ ಅದಕ್ಕೂ ಹೆಚ್ಚು ಬೇಕು. ನಾನು ತಡವಾಗಿ ಕಲಿತದ್ದು, ಚಿತ್ರಕ್ಕೆ ಎಷ್ಟು ಬೆಳಕು ಬೀಳಬೇಕೆಂಬುದನ್ನು ಕ್ಯಾಮೆರಾಕ್ಕೆ ಬಿಡದೆ ನಾನೇ ಗೊತ್ತುಮಾಡುವುದನ್ನು, ಅಂದರೆ ಎಕ್ಸ್‌ಪೋಷರನ್ನು ಮ್ಯಾನ್ಯುಯಲ್‌ನಲ್ಲಿ ಇಡುವುದನ್ನು. ಬೆಳ್ಳಕ್ಕಿಯೊಂದು ಆಕಾಶದ ಮುಂದಿನಿಂದ ಹಾರಿ ಬಂದು ಕಪ್ಪು ನೀರಿನ ಮುಂದೆ ಸಾಗುವಾಗ, ಹಿನ್ನೆಲೆಯನ್ನು ನಂಬುವ ಕ್ಯಾಮೆರಾ ಮೊದಲು ಅದನ್ನು ಕಪ್ಪಾಗಿಸಿ, ಆಮೇಲೆ ಗರಿಯ ಗೆರೆಯೂ ಕಾಣದಷ್ಟು ಬೆಳ್ಳಗಾಗಿಸುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಬಿಸಿಲು ಏರುತ್ತ ಹೋದಂತೆ ಆಗಾಗ ಒಂದು ಪರೀಕ್ಷೆಯ ಚಿತ್ರ ತೆಗೆದು ಅಳತೆ ತಿದ್ದಿಕೊಂಡರೆ ಆಯಿತು.

ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್-ಜೂಲ್ ಮಾರೇ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿ, ಸೆಕೆಂಡಿಗೆ 12 ಚಿತ್ರಗಳಂತೆ ಹಾರುವ ಹಕ್ಕಿಗಳನ್ನು ಸೆರೆಹಿಡಿದಿದ್ದ. ನನ್ನ ಕ್ಯಾಮೆರಾದ ವೇಗ ಸೆಕೆಂಡಿಗೆ 10. ಅಂದರೆ ಮಾರೇಗಿಂತ ನಾನಿನ್ನೂ ಎರಡು ಚಿತ್ರ ಹಿಂದಿದ್ದೇನೆ. ಅವನಿಗೆ ಬೇಕಾಗಿದ್ದುದು ರೆಕ್ಕೆ ಬಡಿತದ ಎಲ್ಲ ಹಂತಗಳು; ನನಗೆ ಬೇಕಾದುದು ಒಂದೇ, ರೆಕ್ಕೆ ಪೂರ್ತಿ ಮೇಲೆದ್ದು ಕಣ್ಣು ಕಾಣುವ ಹಂತ. ಉಳಿದವನ್ನು ಅಳಿಸುತ್ತೇನೆ.

ಬೆಳಗಿನ ಹತ್ತು ಗಂಟೆಯ ಮೇಲೆ ಅಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ. ಎರೆ ನೆಲ ಕಾದು ಅದರ ಮೇಲಿನ ಗಾಳಿ ಕುಣಿಯತೊಡಗಿದರೆ, ದೂರದ ಹಕ್ಕಿ ಎಷ್ಟೇ ಬೆಲೆಯ ಲೆನ್ಸಿನಲ್ಲಿಯೂ ಅಲುಗಿದಂತೆ ಕಾಣುತ್ತದೆ. ಆ ಹೊತ್ತಿಗೆ ಹಕ್ಕಿಗಳೂ ಸುಮ್ಮನೆ ತೇಲುತ್ತಿರುತ್ತವೆ. ಆಗಲೇ ಕೆಲವರಿಗೆ ತಾಳ್ಮೆ ತಪ್ಪುವುದು. ಕಳೆದ ಜನವರಿಯಲ್ಲಿ ದೊಡ್ಡ ಲೆನ್ಸಿನ ತರುಣನೊಬ್ಬ ಹೆಬ್ಬಾತುಗಳ ಹಿಂಡನ್ನು ಎಬ್ಬಿಸಲೆಂದು ಕಲ್ಲು ಬೀರಿದ. ಅಷ್ಟು ದೂರದಿಂದ ಬಂದು ವಿಶ್ರಾಂತಿ ಪಡೆಯುತ್ತಿದ್ದ ಹಕ್ಕಿಗಳ ಶಕ್ತಿಯನ್ನು ಹಾಗೆ ಪೋಲುಮಾಡಿಸುವುದು ನನ್ನ ದೃಷ್ಟಿಯಲ್ಲಿ ಕಳ್ಳತನಕ್ಕೆ ಸಮ. ಹೆದರಿ ಎದ್ದ ಹಕ್ಕಿ ಗಾಳಿಗಿಂತ ಮೊದಲು ಮನುಷ್ಯನಿಂದ ದೂರವಾಗುವುದನ್ನು ನೋಡುತ್ತದೆ. ಅವನು ಪರದೆಯ ಮೇಲೆ ತೋರಿಸಿದ ನಲವತ್ತು ಚಿತ್ರಗಳಲ್ಲಿ ನನಗೆ ಕಂಡದ್ದು ನಲವತ್ತು ಹಿಂಡಿನ ಬಾಲಗಳು.

ಈಗ ಮುಂಗಾರು ಹಿಡಿದಿದೆ, ಗಾಳಿ ಪಡುವಣಕ್ಕೆ ತಿರುಗಿದೆ. ಹೆಬ್ಬಾತುಗಳು ಇಲ್ಲ, ಆದರೆ ಬಿತ್ತನೆಯ ಹೊಲಗಳಲ್ಲಿ ಗೋವಕ್ಕಿಗಳಿವೆ, ಟಿಟ್ಟಿಭಗಳಿವೆ. ಮೋಡ ಸರಿದ ದಿನ ಸಂಜೆಯ ಬೆಳಕೂ ಗಾಳಿಯೂ ಒಂದೇ ಕಡೆಯಿಂದ ಬರುತ್ತವೆ. ಆದ್ದರಿಂದ ಕಚೇರಿ ಮುಗಿಸಿ ಮತ್ತೆ ನನ್ನ ಹಳೆಯ ಪಡುವಣ ದಂಡೆಗೇ ಹೋಗುತ್ತಿದ್ದೇನೆ, ಜೇಬಿನಲ್ಲಿ ಒಂದು ಹಿಡಿ ತೊಗರಿ ಹೊಟ್ಟು ಇಟ್ಟುಕೊಂಡು, ನಿಲ್ಲುವ ಮುನ್ನ ತೂರಿ ನೋಡಲು.